ಕಡೂರಿನಲ್ಲಿ ಇಳಿದ ಕಡಲು

ಅಜ್ಜಂಪುರದ ಬಸ್ಸು ಕಾಯುತ್ತಾ ಕಡೂರಿನಲ್ಲಿ ನಿಂತಿದ್ದೇನೆ. ಎದುರಿಗೆ, ಮಂಗಳೂರಿನಿಂದ ಬಂದ ಲಾರಿಯಿಂದ ಒಣಮೀನಿನ ಚೀಲಗಳನ್ನು ಇಳಿಸುತ್ತಿದ್ದಾರೆ. ತಿನ್ನುವುದಕ್ಕಲ್ಲ, ತೆಂಗಿನ ಬುಡಕ್ಕೆ ಗೊಬ್ಬರ. ಕೊಳ್ಳಲು ಬಂದ ಚೌಳಹಿರಿಯೂರಿನ ರೈತರೊಬ್ಬರು ಒಂದು ಹಿಡಿ ತೆಗೆದು ಅಂಗೈಯಲ್ಲಿ ಹರಡಿದರು. ಬೆರಳುದ್ದದ ಅಂಜಲ್ ಮೀನಿನ ಮರಿಗಳು, ಉಗುರಿನಷ್ಟು ಏಡಿಗಳು. ನಡುವೆ ಕುದುರೆ ಮುಖದ ಒಂದು ಪುಟ್ಟ ಮೀನು, ಬಾಲ ಸುರುಳಿ ಸುತ್ತಿಕೊಂಡೇ ಒಣಗಿತ್ತು.

“ಇಷ್ಟು ಸಣ್ಣವನ್ನ ಯಾಕಪ್ಪ ಹಿಡೀತಾರೆ?” ಎಂದು ಲಾರಿಯ ಡ್ರೈವರನನ್ನು ಕೇಳಿದೆ.

“ಬಲೆ ಹಾಕುವುದು ಸಿಗಡಿಗೆ ಮಾರಾಯ್ರೇ. ಈ ಯಂತ್ರದ ದೋಣಿ ಕಡಲಿನ ತಳವನ್ನೇ ಗುಡಿಸ್ತದೆ, ಅದರೊಟ್ಟಿಗೆ ಇವೂ ಬರ್ತವೆ. ಮೊದಲು ದೊಡ್ಡದೂ ಇರ್ತಿತ್ತು. ಈಗ ಬರೀ ಮರಿ.”

ಹೋದ ವರ್ಷ ನಮ್ಮ ತೋಟಕ್ಕೂ ಇದೇ ಗೊಬ್ಬರ ಹಾಕಿಸಿದ್ದೆ. ಚೀಲದೊಳಗೆ ಏನಿದೆಯೆಂದು ನೋಡಿರಲಿಲ್ಲ. ಇನ್ನು ಯಾರನ್ನು ಬೈಯಲಿ?

ರೈತರ ಮುಖ ಮಾತ್ರ ಅರಳಿತು. “ಮರಿಗಳೇ ಒಳ್ಳೇವು ಕಣ್ರೀ. ದೊಡ್ಡವು ಬೇಗ ಕೊಳೆಯಲ್ಲ, ನಾಯಿಗಳು ಕೆದಕಿ ಎಳ್ಕೊಂಡು ಹೋಗ್ತವೆ,” ಎಂದು ನನಗೆ ಹೇಳಿ, ಡ್ರೈವರ್ ಕಡೆ ತಿರುಗಿದರು. “ಮುಂದಿನ ಸಲಾನೂ ಇಂಥಾವೇ ತಾರಪ್ಪ.”

“ಇದ್ದರೆ ತರ್ತೇನೆ,” ಎಂದ ಆತ, ಲಾರಿಯ ಹಿಂಬಾಗಿಲು ಹಾಕುತ್ತಾ.