ಔಷಧಿ ಕೋಣೆಯ ಬಾಣಂತನ

ಗುಂಡ್ಲುಪೇಟೆಯ ಗೊಬ್ಬರದಂಗಡಿಗಳ ಮುಂದೆ ಹಾದುಹೋಗುವಾಗ, ಕೊಳೆತ ಬೆಳ್ಳುಳ್ಳಿಯ ಮೇಲೆ ಸೀಮೆಎಣ್ಣೆ ಹುಯ್ದಂಥ ಒಂದು ವಾಸನೆ ಮೂಗಿಗೆ ಅಡರುತ್ತದೆ. ಎಲ್ಲರೂ ಸೆರಗು, ಕರ್ಚೀಫು ಮುಚ್ಚಿಕೊಂಡು ದಾಟುವ ಕಡೆ ನಾನು ಒಂದು ಗಳಿಗೆ ನಿಂತುಬಿಡುತ್ತೇನೆ. ಅಜ್ಜಿ ಎಂದರೆ ನಿಮಗೆ ಮಲ್ಲಿಗೆಯೋ, ತುಪ್ಪ ಕಾಯಿಸಿದ ಘಮವೋ ನೆನಪಾಗಬಹುದು, ಪುಣ್ಯವಂತರು ನೀವು. ನನಗೆ ನನ್ನಜ್ಜಿ ನೆನಪಾಗುವುದು ಹತ್ತಿಗಿಡಕ್ಕೆ ಹೊಡೆಯುವ ಈ ವಿಷದ ವಾಸನೆಯಲ್ಲಿ. ವಿಷ ಎನ್ನಬಾರದು, ನಮ್ಮ ಕಡೆ ಅದಕ್ಕೆ ಔಷಧಿ ಎನ್ನುತ್ತಾರೆ. ಭೀಮನಬೀಡಿನ ನಮ್ಮ ಹೆಂಚಿನ ಮನೆಯಲ್ಲಿ ಅದಕ್ಕೆಂದೇ ಒಂದು ಕೋಣೆ ಇತ್ತು. ಡಬ್ಬಿ, ಬಾಟ್ಲಿ, ಬೆನ್ನಿಗೆ ಕಟ್ಟಿಕೊಳ್ಳುವ ಸ್ಪ್ರೇಯರು, ಔಷಧಿ ಹೊಡೆಯುವಾಗ ಅಪ್ಪ ತೊಡುತ್ತಿದ್ದ ಹಳೇ ಅಂಗಿ, ಎಲ್ಲಕ್ಕೂ ಅದೇ ಜಾಗ. ಎರಡು ಸಾವಿರದ ಮೂರೋ ನಾಲ್ಕೋ ಇಸವಿ, ನನಗೆ ಹತ್ತು ವರ್ಷ. ಆ ಕೋಣೆಗೆ ಒಂದು ಹಸುಗೂಸು ಬರುವುದೆಂದು ತೀರ್ಮಾನವಾಯಿತು.

ಕೂಸು ನನ್ನ ಸೋದರತ್ತೆಯದು. ಮಣಿ ಅತ್ತೆಯನ್ನು ಉಡಿಗಾಲಕ್ಕೆ ಕೊಟ್ಟಿತ್ತು. ಅವಳ ಮೊದಲ ಹೆರಿಗೆಯ ಹೊತ್ತಿಗೆ ಅಜ್ಜಿ ಕಾಲು ಮುರಿದುಕೊಂಡು ಮಲಗಿದ್ದರಿಂದ ಬಾಣಂತನ ಗಂಡನ ಮನೆಯಲ್ಲೇ ಆಯಿತು. ಕೂಸು ಒಂಬತ್ತು ದಿನ ಇದ್ದು ಹೋಗಿಬಿಟ್ಟಿತು. ಯಾಕೆಂದು ಯಾರಿಗೂ ತಿಳಿಯಲಿಲ್ಲ. ತಾನು ಹತ್ತಿರ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂಬ ಕೊರಗು ಅಜ್ಜಿಯನ್ನು ಬಿಡಲೇ ಇಲ್ಲ. ಅತ್ತೆ ಮತ್ತೆ ಬಸುರಿಯಾದಾಗ, ಏಳು ತಿಂಗಳಿಗೇ ಹೋಗಿ ಮಗಳನ್ನು ಕರೆತಂದಳು. ಬಾಣಂತಿಗೆ ಗಾಳಿ ಬೀಸದ, ಬಾಗಿಲಿರುವ ಕೋಣೆ ಬೇಕು. ನಮ್ಮ ಮನೆಯಲ್ಲಿ ಅಡುಗೆಮನೆ ಬಿಟ್ಟರೆ ಬಾಗಿಲಿದ್ದದ್ದು ಔಷಧಿ ಕೋಣೆಗೊಂದೇ. ಅಪ್ಪ ಡಬ್ಬಿ, ಸ್ಪ್ರೇಯರುಗಳನ್ನೆಲ್ಲ ಹೊಲದ ಪಂಪ್‌ಸೆಟ್ ಮನೆಗೆ ಸಾಗಿಸಿ, ಗುಂಡ್ಲುಪೇಟೆಯಿಂದ ಒಂದು ದೊಡ್ಡ ಬಾಟ್ಲಿ ಫಿನಾಯಿಲ್ ತಂದು ಜಗಲಿಯ ಮೇಲಿಟ್ಟ. ಅಜ್ಜಿ ಅದನ್ನು ಹೊಸಿಲು ದಾಟಲು ಬಿಡಲಿಲ್ಲ.

“ಒಂದ್ ವಿಸ ತೊಳಿಯಾಕ ಇನ್ನೊಂದ್ ವಿಸ ತಂದಿದ್ದಯಲ್ಲ ಕಣ್ಲಾ! ವಾಸ್ನ ಮುಚ್ಚದು ಬ್ಯಾರ, ಕಳಿಯದು ಬ್ಯಾರ.”

ಅವಳ ಶುದ್ಧಿಯ ಕೆಲಸ ಶುರುವಾಯಿತು. ಹಗಲೆಲ್ಲ ಕೋಣೆಯ ಬಾಗಿಲು ತೆರೆದು ಬಿಸಿಲು, ಗಾಳಿ ಆಡಲು ಬಿಟ್ಟಳು. ಅಂಟುವಾಳದ ಕಾಯಿ ನೆನೆಸಿ, ಕಿವುಚಿ, ಬಂದ ನೊರೆಯಲ್ಲಿ ಬಾಗಿಲು, ಗೂಡು, ಮರದ ಅಟ್ಟಣಿಗೆ ಎಲ್ಲವನ್ನೂ ತೆಂಗಿನ ನಾರಿನಿಂದ ಉಜ್ಜಿದಳು. ಜಿಡ್ಡು ಬಿಡದ ಕಡೆ ಒಲೆಯ ಬೂದಿ ಹಾಕಿ ತಿಕ್ಕಿದಳು. ಗೋಡೆಗೆ ಎರಡು ಸಲ ಸುಣ್ಣ ಬಳಿಸಿ, ಮಣ್ಣಿನ ನೆಲಕ್ಕೆ ಸಗಣಿ ಸಾರಿಸಿದಳು. ಸಾಂಬ್ರಾಣಿ ಹೊಗೆ ಹಾಕೋಣ ಎಂದು ಅವ್ವ ಅಂದರೆ, ಈ ವಾಸನೆ ಹೋಗುವ ತನಕ ಅದೂ ಬೇಡ ಎಂದಳು. ಆದರೆ ವಾಸನೆ ಹೋಯಿತೋ ಇಲ್ಲವೋ ಎಂದು ತಿಳಿಯಲು ಅವಳಿಗೆ ಮೂಗೇ ಇರಲಿಲ್ಲ. ನಶ್ಯ ಏರಿಸಿ ಏರಿಸಿ ಅದು ಎಂದೋ ಸತ್ತುಹೋಗಿತ್ತು. ಒಲೆಯ ಮೇಲಿನ ಸಾರು ಸೀದರೆ ಹೊಗೆ ಕಂಡ ಮೇಲೇ ಅವಳಿಗೆ ಗೊತ್ತಾಗುತ್ತಿದ್ದದ್ದು. ಬರುವ ಕೂಸಿಗಾಗಿ ನಶ್ಯದ ಡಬ್ಬಿಯನ್ನು ತಿಪ್ಪೆಗೆ ಎಸೆದಳು. ಸೀನು ನಿಂತಿತು, ಹೋದ ಮೂಗು ಮಾತ್ರ ಬರಲಿಲ್ಲ. ಅಪ್ಪನಿಗೋ, ಆ ವಾಸನೆ ಮೈಗೇ ಒಗ್ಗಿಹೋಗಿ ಅದು ಇದೆಯೆಂದೇ ಅನ್ನಿಸುತ್ತಿರಲಿಲ್ಲ. ಅವ್ವನ ಮೂಗು ಚೆನ್ನಾಗಿತ್ತು; ಆದರೆ ನಾದಿನಿಯ ಬಾಣಂತನದ ವಿಷಯದಲ್ಲಿ ಸೊಸೆಯ ಮಾತು ನಂಬುವ ಹೆಂಗಸು ನಮ್ಮೂರಲ್ಲಿ ಇನ್ನೂ ಹುಟ್ಟಿರಲಿಲ್ಲ. ಬಸುರಿ ಅತ್ತೆಯನ್ನಂತೂ ಆ ಕೋಣೆಯ ಹತ್ತಿರವೂ ಬಿಡುತ್ತಿರಲಿಲ್ಲ. ಉಳಿದವಳು ನಾನು.

ರಾತ್ರಿಯೆಲ್ಲ ಮುಚ್ಚಿಟ್ಟ ಬಾಗಿಲನ್ನು ಬೆಳಿಗ್ಗೆ ನಾನೇ ತೆರೆಯಬೇಕು. ಹಲ್ಲುಜ್ಜುವ ಮೊದಲು, ಕಾಫಿ ಕುಡಿಯುವ ಮೊದಲು, ಬರೀ ಹೊಟ್ಟೆಯಲ್ಲಿ. ಕಣ್ಣು ಮುಚ್ಚಿ ಉಸಿರೆಳೆದು ನಿಲ್ಲುತ್ತಿದ್ದೆ. ಅಜ್ಜಿ ಕೈಯಲ್ಲಿ ಪೊರಕೆ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು. “ಬತ್ತದಾ ಕಣಮ್ಮಿ?” “ಬತ್ತದ ಅಜ್ಜಿ.” “ನೆನ್ನಗಿಂತ ಕಮ್ಮಿನಾ?” “ಒಸಿ ಕಮ್ಮಿ.” ಅಷ್ಟಕ್ಕೇ ಅವಳ ಮುಖ ಅರಳಿ, ಮತ್ತೆ ಅಂಟುವಾಳ ನೆನೆಹಾಕಲು ಹೋಗುತ್ತಿದ್ದಳು. ಕ್ಲಾಸಿನಲ್ಲಿ ಕೊನೇ ಬೆಂಚಿನ ಹುಡುಗಿಯಾದ ನನಗೆ ಮನೆಯಲ್ಲಿ ಕಲೆಕ್ಟರ್ ಪದವಿ ಸಿಕ್ಕಂತಾಗಿತ್ತು. ನನ್ನ ಬಾಯಿಂದ ಒಂದು ಮಾತು ಬೀಳುವ ತನಕ ಮನೆಯ ಯಾವ ಕೆಲಸವೂ ಮುಂದಕ್ಕೆ ಹೋಗುತ್ತಿರಲಿಲ್ಲ.

ಗುಂಡ್ಲುಪೇಟೆಯ ಆಸ್ಪತ್ರೆಯಲ್ಲಿ ಅತ್ತೆಗೆ ಹೆಣ್ಣು ಕೂಸು ಹುಟ್ಟಿತು. ಮಾರನೆಯ ದಿನ ಬೆಳಿಗ್ಗೆ, ಮನೆಗೆ ಕರೆತರುವ ಮೊದಲು, ಅಜ್ಜಿ ನನ್ನನ್ನು ಬಾಗಿಲ ಬಳಿ ನಿಲ್ಲಿಸಿ ಹೇಳಿದಳು: “ಇವತ್ತೂ ಬತ್ತದ ಅಂದ್ರ ತಾಯಿ ಕೂಸು ಎಲ್ಡನೂವೆ ಉಡಿಗಾಲಕ್ಕೇ ಕಳಿಸ್ಬುಡ್ತೀನಿ. ಏನ್ ಮಾಡನ, ಈ ಮನ ಅದುಕ್ಕ ಪುಣ್ಯ ಮಾಡ್ನಿಲ್ಲ ಅನ್ಕೊಂಡ್ರಾಯ್ತು.” ನಾನು ಒಳಗೆ ಹೋದೆ. ಸುಣ್ಣದ ವಾಸನೆ, ಸಗಣಿಯ ವಾಸನೆ. ಮೂಲೆಯಲ್ಲಿ ಬಗ್ಗಿದಾಗ ಮಾತ್ರ, ಕೂದಲೆಳೆಯಷ್ಟು, ಅದೇ ಹಳೆಯದು. ನನಗೆ ಮಣಿ ಅತ್ತೆ ಎಂದರೆ ಪ್ರಾಣ. ನನ್ನ ಜಡೆ ಹೆಣೆಯುತ್ತಾ ಹಾಡು ಗುನುಗುವ ಅವಳು ಹೊರಟುಹೋದರೆ ಮನೆ ಬಿಕೋ ಎನ್ನುತ್ತಿತ್ತು. ಆ ಕೂಸನ್ನು ನಾನಿನ್ನೂ ಎತ್ತಿಕೊಂಡೂ ಇರಲಿಲ್ಲ. “ಇಲ್ಲ ಅಜ್ಜಿ” ಅಂದೆ. “ಇಲ್ವಾ?” “ಒಸಿನೂ ಇಲ್ಲ.” ಅಜ್ಜಿ ಗೋಡೆಗೆ ಕೈಯಿಟ್ಟು ಕಣ್ಣು ಮುಚ್ಚಿಕೊಂಡಳು. ಆಮೇಲೆ ಮೊದಲ ಸಲ ಆ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ ಎದ್ದಿತು.

ಹುಟ್ಟಿದ ಮೂರನೆಯ ದಿನ ಕೂಸು ಸೀನಿತು. ನಾಲ್ಕನೆಯ ದಿನ ಬಿಡದೆ ಸೀನಿತು, ಮೂಗು ಕಟ್ಟಿ ಹಾಲು ಕುಡಿಯಲಾರದೆ ಕೀರಲು ದನಿಯಲ್ಲಿ ಅತ್ತಿತು. ಹಸುಗೂಸಿಗೆ ಇದೆಲ್ಲ ಇದ್ದದ್ದೇ ಎಂದು ಅವ್ವ ಅಂದಳು. ಸೀನು ಬಂದದ್ದು ಆ ವಾಸನೆಗೋ, ಸಾಂಬ್ರಾಣಿ ಹೊಗೆಗೋ, ಸುಮ್ಮನೆಯೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆಗ ಮಾತ್ರ ನಾನು ಒಂದೊಂದು ಸೀನಿಗೂ ಬೆರಳು ಮಡಚಿ ಒಂಬತ್ತಕ್ಕೆ ಎಷ್ಟು ದಿನ ಉಳಿಯಿತು ಎಂದು ನೋಡುತ್ತಿದ್ದೆ. ತಟ್ಟೆಯ ಅನ್ನವನ್ನು ಹಾಗೇ ಬಿಟ್ಟು ಏಳುತ್ತಿದ್ದೆ. ಐದನೆಯ ದಿನ ಬೆಳಿಗ್ಗೆ ಅಜ್ಜಿ ಬಚ್ಚಲಲ್ಲಿ ಕಾಲು ನೀಡಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು, ಕಡಲೆಹಿಟ್ಟು ಹಚ್ಚಿ ನೀರು ಹುಯ್ಯುತ್ತಿದ್ದಳು. ನಾನು ಹತ್ತಿರ ಹೋಗಿ, “ಅಜ್ಜಿ, ವಾಸ್ನ ಇತ್ತು. ಸುಳ್ಳೇಳ್ಬುಟ್ಟೆ” ಅಂದೆ. ಅವಳು ನನ್ನ ಕಡೆ ತಿರುಗಲಿಲ್ಲ. ಕೂಸಿನ ಕಣ್ಣಿಗೆ ನೀರು ಹೋಗದ ಹಾಗೆ ಹಣೆಗೆ ಅಂಗೈ ಅಡ್ಡ ಹಿಡಿದು ಉಳಿದ ನೀರನ್ನೂ ಹುಯ್ದು, ಹಳೇ ಪಂಚೆಯಲ್ಲಿ ಸುತ್ತಿ, ಅತ್ತೆಯನ್ನು ಕರೆದು, ಇಬ್ಬರನ್ನೂ ನಡುಮನೆಯಲ್ಲಿ ಮಲಗಿಸಿ ಸುತ್ತ ಸೀರೆ ಕಟ್ಟಿದಳು. ಅವ್ವ ನನ್ನ ಬೆನ್ನಿಗೆ ಎರಡು ಬಿಟ್ಟಳು. ಅಜ್ಜಿ ಅಂದದ್ದು ಇಷ್ಟೇ: “ಎಲ್ಲಿಂದ ಬತ್ತದ, ತೋರ್ಸು.”

ನೆಲಕ್ಕೆ ಮೂಗು ಹಚ್ಚಿ ತೆವಳಿ ಆ ಮೂಲೆ ತೋರಿಸಿದೆ. ಅಪ್ಪ ಹಾರೆ ಹಾಕಿದ. ಒಂದು ಗೇಣು ಆಳದಲ್ಲಿ ಮಣ್ಣು ಕಪ್ಪಾಗಿತ್ತು, ಅದರೊಳಗೆ ಗಾಜಿನ ಚೂರುಗಳಿದ್ದವು. ಈ ಸಲ ಅಜ್ಜಿಯೊಬ್ಬಳನ್ನು ಬಿಟ್ಟು ಎಲ್ಲರೂ, ಅಪ್ಪ ಕೂಡ, ಮೂಗು ಮುಚ್ಚಿಕೊಂಡರು. “ಓದ್ ವರ್ಸ ಬಾಟ್ಲಿ ಒಡ್ದೋಗಿತ್ತು. ಮಣ್ಣಾಕಿ ಮುಚ್ಬುಟ್ಟಿದ್ದೆ ಕಣವ್ವ” ಎಂದು ಅಪ್ಪ ತಲೆ ತಗ್ಗಿಸಿದ. “ಮುಚ್ಚಿದಂವ ನೀನು, ಮ್ಯಾಕ ಸಗಣಿ ಸಾರ್ಸಿದವ್ಳು ನಾನು” ಎಂದಳು ಅಜ್ಜಿ. ಮೊಣಕಾಲುದ್ದ ಅಗೆದು, ಆ ಮಣ್ಣನ್ನೆಲ್ಲ ಬಾವಿ, ಕೆರೆಗಳಿಂದ ದೂರವಿದ್ದ ಪಾಳು ಕಲ್ಲುಗುಂಡಿಗೆ ಸಾಗಿಸಿ, ಕೆರೆಯ ಹೊಸ ಮಣ್ಣು ತಂದು ತುಂಬಿ, ದಿಮ್ಮಸು ಹಾಕಿ ನೆಲ ಬಡಿದರು. ಅಜ್ಜಿ ನನ್ನೊಡನೆ ಮಾತು ಬಿಟ್ಟಿದ್ದಳು. ಹೊಡೆದಿದ್ದರೆ ಎಷ್ಟೋ ವಾಸಿಯಿತ್ತು. ಹತ್ತನೆಯ ದಿನ ಬೆಳಿಗ್ಗೆ ಸೀರೆಯ ಮರೆಯಿಂದ ಕೂಸಿನ ಅಳು ಕೇಳಿದಾಗ ನಾನೂ ಚಾಪೆಯ ಮೇಲೆ ಕೂತು ಜೋರಾಗಿ ಅತ್ತುಬಿಟ್ಟೆ.

ಅದೇ ಬೆಳಿಗ್ಗೆ ಅಜ್ಜಿ ನನ್ನ ಕೈ ಹಿಡಿದು ಕೋಣೆಯ ಬಾಗಿಲಿಗೆ ಕರೆದೊಯ್ದಳು. “ಮೂಸು” ಅಂದಳು. ನನ್ನನ್ನು ಕೇಳಬೇಡ, ಅವ್ವನನ್ನು ಕೇಳು ಎಂದು ನಾನು ಗೋಗರೆದೆ. “ಸುಳ್ಳೇಳಿ ಮೂರ್ ದಿನ ಉಣ್ದೆ ಕುಂತಿದ್ದವ್ಳು ನೀನೊಬ್ಳೇ ಕಣಮ್ಮಿ. ನಿನ್ ಕೇಳ್ದೆ ಇನ್ಯಾರ್ನ ಕೇಳ್ಲಿ?” ಒಳಗೆ ಹೋಗಿ ನೆಲಕ್ಕೆ ಮೂಗು ಹಚ್ಚಿದೆ. ಹಸಿ ಮಣ್ಣು, ಸಗಣಿ, ಬೇರೇನೂ ಇರಲಿಲ್ಲ. “ಇಲ್ಲ ಅಜ್ಜಿ” ಅಂದೆ. ಅವಳು ಎರಡನೆಯ ಸಲ ಕೇಳಲಿಲ್ಲ. ನಡುಮನೆಗೆ ಹೋಗಿ ಕೂಸನ್ನು ಎತ್ತಿಕೊಂಡು ಬಂದಳು.

ಅಜ್ಜಿ ಹೋಗಿ ಹನ್ನೆರಡು ವರ್ಷವಾಯಿತು. ಹೆಂಚಿನ ಮನೆ ಕೆಡವಿ ತಾರಸಿ ಮನೆಯಾಗಿದೆ. ಕೋಣೆ ಇದ್ದ ಕಡೆ ತಮ್ಮನ ಕಾರು ನಿಲ್ಲುತ್ತದೆ. ಆ ಕೂಸು ಚಾಮರಾಜನಗರದಲ್ಲಿ ಡಿಗ್ರಿ ಓದುತ್ತಿದ್ದಾಳೆ, ಫೋನಿನಲ್ಲಿ ನನ್ನನ್ನು ಚೆನ್ನಾಗಿ ರೇಗಿಸುತ್ತಾಳೆ. ದೊಡ್ಡವಳಾದ ಮೇಲೆ ನಾನು ಎಷ್ಟೋ ನಿಜಗಳನ್ನು ಹೇಳಿ ನಂಬಿಸಲಾಗದೆ ಸೋತಿದ್ದೇನೆ. ಸುಳ್ಳಾಡಿದ ಬಾಯಿಯನ್ನು ಹತ್ತು ದಿನ ಕಳೆಯುವುದರೊಳಗೆ ಮತ್ತೆ ಕೇಳಿ, ಅದು ಆಡಿದ ಒಂದು ‘ಇಲ್ಲ’ದ ಮೇಲೆ ತನ್ನ ಮೊಮ್ಮಗಳನ್ನು ಮಲಗಿಸಿದವಳು ಅಜ್ಜಿಯೊಬ್ಬಳೇ.