ತುಟಿಯ ಗುಳ್ಳೆ, ಅರ್ಧ ಚಹಾ

ಇವತ್ತು ಬೆಳಿಗ್ಗೆ ಸುಲೇಪೇಟ ಬಸ್ ನಿಲ್ದಾಣದ ಚಹಾ ಅಂಗಡಿಯಲ್ಲಿ ಗೆಳೆಯ ಶರಣಪ್ಪ ನನ್ನ ಪಕ್ಕದಿಂದ ಎದ್ದು ಹೋದ. ಮಿತ್ರರೇ, ವರ್ಷಗಳಿಂದ ನಾವಿಬ್ಬರೂ ಒಂದೇ ಚಹಾ ಹಂಚಿಕೊಂಡು ಕುಡಿಯುವವರು. ಅವನಿಗೆ ಕಪ್ಪಿನಲ್ಲಿ ಅರ್ಧ, ನನಗೆ ಬಸಿಯಲ್ಲಿ, ಅಂದರೆ ಸಾಸರಿನಲ್ಲಿ, ಅರ್ಧ. ಇವತ್ತು ನನ್ನ ತುಟಿಯ ಅಂಚಿನಲ್ಲಿ ನೀರುಗುಳ್ಳೆ ಎದ್ದಿತ್ತು.

“ಏ ಮಾಸ್ತರ, ಹಲ್ಲಿ ಉಚ್ಚಿ ಹೊಯ್ದದ! ಸುಣ್ಣ ಹಚ್ಚಿ ಮನ್ಯಾಗ ಕುಂದ್ರು!” ಎಂದು ದೂರದಿಂದಲೇ ಕೂಗಿದ. ಎಲ್ಲರೂ ನಕ್ಕರು.

ಎದುರಿನ ಔಷಧಿ ಅಂಗಡಿಗೆ ಹೋದೆ. ಶರಣಪ್ಪನ ಕೂಗು ಅಲ್ಲಿಗೂ ಕೇಳಿಸಿತ್ತು. ಅಲ್ಲಿನ ಹೆಣ್ಣುಮಗಳು ಗುಳ್ಳೆ ನೋಡಿ, “ಹಲ್ಲೀದೇನೂ ತಪ್ಪಿಲ್ರಿ ಸರ,” ಅಂದಳು. “ಇದು ವೈರಸ್. ಭಾಳ ಮಂದಿ ಮೈಯಾಗ ಸುಮ್ ಮಲ್ಗಿರ್ತದ. ಜ್ವರ ಬಂದ್ರ, ಬಿಸಲಾಗ ತಿರಗಿದ್ರ ಏಳ್ತದ. ಸುಣ್ಣ ಸುಡ್ತದ, ಬ್ಯಾಡ. ಈ ಮುಲಾಮು ಹಚ್ಚಿ ಕೈ ತೊಳಕೋರಿ, ಕಣ್ಣು ಮುಟ್ಟಬ್ಯಾಡ್ರಿ. ಒಣಗೋ ತನಕ ನಿಮ್ಮ ಎಂಜಲು ಕಪ್ಪು ಯಾರಿಗೂ ಕೊಡಬ್ಯಾಡ್ರಿ.”

“ಬಾಜೂಕ, ಒಂದೇ ಬೆಂಚಿನ ಮ್ಯಾಲ ಕುಂತ್ರ?”

“ಕುಂತ್ರ ಏನೂ ಆಗಂಗಿಲ್ರಿ.”

ಮರಳಿ ಬಂದಾಗ ಬೆಂಚು ಖಾಲಿ ಇತ್ತು. ಒಬ್ಬನೇ ಪೂರ್ತಿ ಚಹಾ ಕುಡಿದೆ. ಅದಕ್ಕೆ ಇಷ್ಟು ಹೊತ್ತು ಹಿಡಿಯುತ್ತದೆಂದು ಗೊತ್ತಿರಲಿಲ್ಲ. ಚಹಾ ಮನೆಯಲ್ಲೂ ಮಾಡಿಕೊಳ್ಳಬಲ್ಲೆ, ಮಾತಾಡಲು ಅಲ್ಲಿ ಯಾರೂ ಇಲ್ಲ.

ಶರಣಪ್ಪ, ನಿನಗೆ ಕಣ್ಣುಬೇನೆ ಬಂದು ಊರೇ ಮುಖ ತಿರುಗಿಸಿದಾಗ ಇದೇ ಬೆಂಚಿನ ಮೇಲೆ ಕುಳಿತು ನಿನಗೆ ಪೇಪರ್ ಓದಿ ಹೇಳಿದವನು ನಾನು. ಚಹಾ ಹಂಚಿಕೊಳ್ಳದೆ ನೀನು ಒಳ್ಳೆಯದೇ ಮಾಡಿದೆ, ಗುಳ್ಳೆ ಒಣಗುವವರೆಗೆ ಬೇರೆ ಕಪ್ಪು ತರಿಸಿಕೊಳ್ಳುತ್ತೇನೆ. ಆದರೆ ಬೆಂಚಿನಿಂದ ಯಾಕೆ ಎದ್ದೆ? ನಾಳೆ ಬರುತ್ತೀಯೋ ಇಲ್ಲವೋ? ಕೂಗಿದ್ದು ಎಲ್ಲರ ಮುಂದೆ. ಉತ್ತರವನ್ನೂ ಇಲ್ಲೇ, ಈ ಪೋಸ್ಟಿನ ಕೆಳಗೆ, ಎಲ್ಲರ ಮುಂದೆ ಕೊಡು.