ಗೋಳಿಮಕ್ಕಿ ಏರಿಯ ಬಂಗಾರಿ

ಬಂಗಾರಿ ಗೌಡ ಎಂಬ ಹೆಂಗಸಿನ ಬಗ್ಗೆ ಬರೆಯಬೇಕು ಎಂದು ಎಷ್ಟೋ ವರ್ಷದಿಂದ ಅಂದುಕೊಂಡಿದ್ದೆ. ತಡವಾದದ್ದಕ್ಕೆ ಸೋಮಾರಿತನ ಕಾರಣವಲ್ಲ, ನಾಚಿಕೆ ಕಾರಣ. ಅವಳ ಕತೆಯಲ್ಲಿ ಒಬ್ಬ ದಡ್ಡ ಬರುತ್ತಾನೆ, ಆ ದಡ್ಡ ನಾನೇ.

೧೯೫೮ರಲ್ಲಿ ಹೊನ್ನಾವರದಲ್ಲಿ ಲಾಂಚು ಹತ್ತಿ, ಗೇರುಸೊಪ್ಪಕ್ಕೆ ಹೋಗುವ ದಾರಿಯಲ್ಲೇ ಇಳಿದು, ಎರಡು ಮೈಲಿ ನಡೆದು ನಾನು ಗೋಳಿಮಕ್ಕಿಯ ಕನ್ನಡ ಶಾಲೆಗೆ ಮಾಸ್ತರನಾಗಿ ಸೇರಿದೆ. ಊರು ಅಂದರೆ ಎರಡು ಗುಡ್ಡ, ಅವುಗಳ ನಡುವೆ ಅಡ್ಡಕ್ಕೆ ಒಂದು ಮಣ್ಣಿನ ಏರಿ, ಏರಿಯ ಹಿಂದೆ ಕೆರೆ. ಏರಿಯ ಕೆಳಗೆ ಹಾಲಕ್ಕಿ ಒಕ್ಕಲಿಗರ ಇಪ್ಪತ್ತೆರಡು ಮನೆ, ಅವರ ಗದ್ದೆ. ಅದರಾಚೆ ನಾಲ್ಕು ಅಡಿಕೆ ತೋಟ. ಏರಿ ಮೂರಾಳು ಎತ್ತರವಿತ್ತು. ಯಾರ ಕಾಲದಲ್ಲಿ ಕಟ್ಟಿದ್ದೆಂದು ಯಾರನ್ನು ಕೇಳಿದರೂ 'ಅಜ್ಜನ ಕಾಲದ್ದು' ಎನ್ನುತ್ತಿದ್ದರು. ಅವರ ಅಜ್ಜನನ್ನು ಕೇಳಿದ್ದರೂ ಅದೇ ಉತ್ತರ ಬರುತ್ತಿತ್ತು.

ಏರಿಯ ಬುಡಕ್ಕೇ ತಾಗಿದ ಮೊದಲ ಮನೆ ಬಂಗಾರಿಯದು. ಗಂಡ ಈರ ಗೌಡ ವಾರಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು. ಅವನ ಪಾಲಿನ ಮಾತನ್ನೂ ಅವಳೇ ಆಡುತ್ತಿದ್ದಳು. ತವರು ಕುಮಟಾ ಕಡೆಯ ಅಘನಾಶಿನಿ. ಹೊಳೆಯಲ್ಲಿ ಮುಳುಗಿ ಬಳಚು ಎಂಬ ಚಿಪ್ಪುಮೀನು ಹೆಕ್ಕಿ ಬೆಳೆದವಳು. ಹದಿನಾಲ್ಕಕ್ಕೆ ಮದುವೆಯಾಗಿ ಈ ಊರಿಗೆ ಬಂದಾಗ ಇಲ್ಲಿ ಬಳಚಿಲ್ಲವೆಂದು ಅತ್ತಳಂತೆ. ಅತ್ತೆ ತಿಮ್ಮಕ್ಕ ಸಮಾಧಾನ ಹೇಳುತ್ತ ಕೂರಲಿಲ್ಲ. ಸೊಸೆಯನ್ನು ಏರಿಗೆ ಕರೆದುಕೊಂಡು ಹೋಗಿ, ಬಿಲದೊಳಗೆ ಕೈ ಹಾಕಿ ಏಡಿ ಎಳೆಯುವುದನ್ನು ಕಲಿಸಿದಳು.

ಕಲಿಸಿದ್ದು ಏಡಿ ಹಿಡಿಯುವುದನ್ನಷ್ಟೇ ಅಲ್ಲ. ಏಡಿ ತೆಗೆದ ಬಿಲವನ್ನು ಬರಿದೇ ಬಿಟ್ಟು ಬರುವಂತಿಲ್ಲ. ಜಿಗುಟು ಮಣ್ಣು ಕಲಸಿ ಒಳಗೆ ತುರುಕಿ, ಒನಕೆಯ ತುದಿಯಿಂದ ಕುಟ್ಟಿ ಗಟ್ಟಿ ಮಾಡಬೇಕು. ತೋಳು ಪೂರ್ತಿ ಹೋದರೂ ಕೊನೆ ಸಿಗದಿದ್ದರೆ ಆ ಜಾಗವನ್ನು ಅಗೆದು ಮತ್ತೆ ತುಂಬಬೇಕು. ಹೀಗೆ ಬಂಗಾರಿ ವಾರಕ್ಕೆರಡು ಸಲ ಏರಿಯ ಮೈಯೆಲ್ಲ ತಡವುತ್ತಿದ್ದಳು. ಊರಿನವರ ಕಣ್ಣಿಗೆ ಕಂಡದ್ದು ಮಾತ್ರ ಅವಳ ಮನೆಯ ಏಡಿ ಸಾರು.

೧೯೬೦ರ ಹೊತ್ತಿಗೆ ಊರಿಗೆ ಹೊಸ ಪಂಚಾಯತಿ ಬಂತು. ಚೇರ್ಮನ್ನರು ತೋಟದ ತ್ರ್ಯಂಬಕ ಹೆಗಡೆಯವರು. ಒಳ್ಳೆಯ ಮನುಷ್ಯ, ಆದರೆ ಕುದುರೆ ಏರಿದ ಮೇಲೆ ಜೀನು ಹುಡುಕುವ ಜಾತಿ. ಒಂದು ದಿನ ಬಂಗಾರಿ ಭುಜದ ತನಕ ಕೈಯನ್ನು ಏರಿಯೊಳಗೆ ಇಳಿಸಿ ಕೂತದ್ದನ್ನು ಕಂಡು ಅವರು ಹೌಹಾರಿದರು. ಏರಿಗೆ ತೂತು ಕೊರೆದು ಊರು ಮುಳುಗಿಸುತ್ತಾಳೆ ಎಂದು ಮೀಟಿಂಗು ಕರೆದರು. ಏರಿಯ ಮೇಲೆ ಏಡಿ ಹಿಡಿಯಕೂಡದು ಎಂದು ಠರಾವು ಆಯಿತು. ಅದನ್ನು ಬರೆದವನು ನಾನು. ಹಲಗೆಯ ಮೇಲೆ ದುಂಡಗಿನ ಅಕ್ಷರದಲ್ಲಿ ಬಣ್ಣ ಬಳಿದು ನೆಟ್ಟವನೂ ನಾನೇ. ವಿಜ್ಞಾನ ಓದಿದವನಲ್ಲವೇ, ತೂತು ಕೊರೆದರೆ ನೀರು ಸೋರುತ್ತದೆಂದು ನನಗೆ ಗೊತ್ತಿತ್ತು!

ಬಂಗಾರಿ ಶಾಲೆಯ ಜಗಲಿಗೆ ಬಂದು ನಿಂತಳು.

"ಮಾಸ್ತರೆ, ಹಲಗೆ ಮೇನೆ ಎಂತ ಬರದ್ರಿ?"

ಓದಿ ಹೇಳಿದೆ.

"ಏಡಿಗೂ ಓದಿ ಹೇಳ್ತ್ರಾ? ಏರಿ ಕೊರೂದು ನಾನಲ್ಲ, ಅದು. ನಾ ಮುಚ್ಚೂದು."

ಮಕ್ಕಳು ನಕ್ಕರು, ಅವರೊಟ್ಟಿಗೆ ನಾನೂ ನಕ್ಕೆ. ಅವಳು ನಗಲಿಲ್ಲ.

"ಮೊದ್ಲು ಹೋಗೂದು ನನ್ನ ಮನೆ, ಮಾಸ್ತರೆ" ಎಂದು ಹೇಳಿ ಹೊರಟು ಹೋದಳು. ಅವಳು ಮತ್ತೆ ಏರಿ ಹತ್ತಲಿಲ್ಲ. ಚೇರ್ಮನ್ನರು ಅದೇ ವರ್ಷ ಇನ್ನೊಂದು ಸುಧಾರಣೆ ಮಾಡಿದರು. ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಹರಿದು ಹೋಗುವ ಕೋಡಿಗೆ ಅಡ್ಡಲಾಗಿ ಎರಡು ಹಲಗೆ ಬಿಗಿಸಿದರು. ತೋಟಕ್ಕೆ ಬೇಸಗೆಯಲ್ಲಿ ನಾಲ್ಕು ದಿನ ಹೆಚ್ಚು ನೀರು ಸಿಗಲಿ ಎಂದು.

ಎರಡು ಮಳೆಗಾಲ ಏಡಿಗಳು ಯಾರ ಕಾಟವೂ ಇಲ್ಲದೆ ಸಂಸಾರ ಮಾಡಿದವು.

೧೯೬೨ರ ಆಷಾಢದಲ್ಲಿ ಮಳೆ ನಾಲ್ಕು ದಿನ ಬಿಡದೆ ಹೊಡೆಯಿತು. ಐದನೆಯ ದಿನ ಮಧ್ಯಾಹ್ನ, ಮಕ್ಕಳು ಮಗ್ಗಿ ಹೇಳುತ್ತಿದ್ದಾಗ, ಈರ ಓಡಿ ಬಂದ. ಅವನು ಓಡಿದ್ದನ್ನೇ ನಾನು ಕಂಡಿರಲಿಲ್ಲ. "ಏರಿ" ಎಂದ, ಅಷ್ಟೇ.

ಅವರ ಮನೆಯ ಹಿಂದೆ, ಏರಿಯ ಬುಡದಲ್ಲಿ, ಮುಷ್ಟಿ ಗಾತ್ರದ ತೂತಿನಿಂದ ನೀರು ಚಿಮ್ಮುತ್ತಿತ್ತು. ಗಂಡಸರೆಲ್ಲ ಸೇರಿದ್ದರು. ಹುಲ್ಲಿನ ಸೂಡಿ ತನ್ನಿ, ಮಣ್ಣು ಮೆತ್ತಿ, ಶೀಶೆಗೆ ಬೂಚು ಹಾಕಿದ ಹಾಗೆ ಬಿಗಿಯಾಗಿ ತುರುಕಿ ಎಂದು ನಾನು ಕೂಗಿದೆ. ತುರುಕಿದರು. ನೀರು ನಿಂತಿತು. ನಾನು ಬೀಗಿದೆ. ಹತ್ತು ನಿಮಿಷದಲ್ಲಿ ಎರಡು ಮಾರು ಆಚೆ ಏರಿಯ ಮೈ ಉಬ್ಬಿ ಸೀಳಿ, ಮೊದಲಿಗಿಂತ ಜೋರಾಗಿ ಕೆಂಪು ನೀರು ಬಂತು.

"ತೆಗೀರಿ ಆ ಹುಲ್ಲ!" ಬಂಗಾರಿ ಗದ್ದೆಯ ಅಂಚಿನಿಂದ ಕಿರುಚಿದಳು. "ಬಾಯಿ ಕಟ್ಟಿದ್ರೆ ಹೊಟ್ಟೆ ಒಡೂದೆ. ನೀರು ಬರ್ಲಿ, ಮಣ್ಣು ಬರೂದು ಬ್ಯಾಡ. ನಿನ್ನೆ ತಿಳಿ ನೀರು ಬರ್ತಿತ್ತು, ಅದ್ಕೆ ಸುಮ್ಮಂಗಿದ್ದೆ. ಈಗ ಕೆಂಪು ನೋಡಿ, ಏರಿ ಒಳಗಿಂದ ಕರಗ್ತಾ ಅದೆ!"

ಅಷ್ಟರಲ್ಲಿ ಚೇರ್ಮನ್ನರು ಕೊಡೆ ಹಿಡಿದು ಏದುಸಿರು ಬಿಡುತ್ತ ಬಂದರು. "ಎಂತ ಮಾಡವು ಈಗ, ಮಾಸ್ತರೆ?" ಎಂದು ನನ್ನನ್ನು ಕೇಳಿದರು. ಉತ್ತರ ಬಂಗಾರಿಯಿಂದ ಬಂತು.

"ಮೊದ್ಲು ಕೋಡಿ ಹಲಗೆ ಕೀಳೂದು, ಒಡೇರೆ."

"ಅಯ್ಯೋ, ಬೇಸಗೆಗೆ ತೋಟದ ನೀರು..."

"ನಿಮ್ಗೆ ನೀರು ಬೇಕಾ, ಕೆರೆ ಬೇಕಾ?"

ಹೆಗಡೆಯವರು ಕೊಡೆ ಮಡಚಿ, "ಅವಳು ಹೇಳ್ದಂಗೆ ಮಾಡ್ರೋ" ಎಂದರು. ಇಬ್ಬರು ಕೊಡಲಿ ಹಿಡಿದು ಕೋಡಿಗೆ ಓಡಿದರು. ಹಲಗೆ ಮುರಿದ ಸದ್ದು ನಮಗೆ ಕೇಳಿಸಿತು, ಕೆರೆಯ ನೀರು ಆ ದಾರಿಯಲ್ಲಿ ಭೋರೆಂದು ಇಳಿಯಿತು.

ಗಂಡಸರು ತೂತಿನ ಹುಲ್ಲು ಕಿತ್ತರು, ಹೆಂಗಸರು ಹಳ್ಳದ ಮರಳು ಹೊತ್ತು ತಂದರು. ಬಂಗಾರಿ ಹೇಳಿದ ಹಾಗೆ ತೂತಿನ ಮೇಲೆ ಮೊದಲು ಮರಳು, ಅದರ ಮೇಲೆ ಸಣ್ಣ ಕಲ್ಲು, ಮತ್ತೆ ದೊಡ್ಡ ಕಲ್ಲು. ಸೋಸಣಿಗೆಯ ಹಾಗೆ ನೀರು ಅದರ ಸಂದಿನಿಂದ ಬರುತ್ತಿತ್ತು. ಆದರೂ ಕೆಂಪು ಹೋಗಲಿಲ್ಲ. ಕೆರೆಯ ಕಡೆ ಎಲ್ಲಿಂದ ನೀರು ನುಗ್ಗುತ್ತಿದೆಯೋ ಆ ಬಾಯಿ ಮುಚ್ಚದೆ ಏರಿ ಉಳಿಯುವಂತಿರಲಿಲ್ಲ. ಅಷ್ಟು ದೊಡ್ಡ ಕೆರೆಯಲ್ಲಿ, ಕಲಕಿದ ನೀರಿನ ಅಡಿಯಲ್ಲಿ, ಅದನ್ನು ಹುಡುಕುವುದು ಹೇಗೆ?

ಬಂಗಾರಿ ಮನೆಯಿಂದ ಒಂದು ಮೊರ ಭತ್ತದ ಹೊಟ್ಟು ತಂದು ಏರಿಯುದ್ದಕ್ಕೂ ನೀರಿನ ಮೇಲೆ ಚೆಲ್ಲುತ್ತ ನಡೆದಳು. ನಾವೆಲ್ಲ ಮಳೆಯಲ್ಲಿ ನಿಂತು ನೋಡಿದೆವು. ಎಲ್ಲ ಕಡೆಯೂ ಹೊಟ್ಟು ಕೋಡಿಯತ್ತ ಮೆಲ್ಲಗೆ ತೇಲಿತು. ಒಂದು ಕಡೆ ಮಾತ್ರ ಒಂದು ಸುತ್ತು ತಿರುಗಿತು, ಎರಡು ಸುತ್ತು ತಿರುಗಿತು, ಗುಳಕ್ಕನೆ ಒಳಗೆ ಹೋಯಿತು.

"ಅಲ್ಲಿ" ಎಂದಳು.

ಗೋಣಿಯಲ್ಲಿ ಜಿಗುಟು ಮಣ್ಣು ತುಂಬಿ, ಹಳೇ ಕಂಬಳಿ ಸುತ್ತಿ ಕಟ್ಟಿಸಿದಳು. ತನ್ನ ಸೊಂಟಕ್ಕೆ ಕತ್ತದ ಹಗ್ಗ ಬಿಗಿದುಕೊಂಡಳು. ಕುತ್ತಿಗೆ ತುಂಬ ಇದ್ದ ಮಣಿಸರಗಳನ್ನು ಒಂದೊಂದಾಗಿ ತೆಗೆದು ಈರನ ಕೊರಳಿಗೆ ಹಾಕಿದಳು. ಇನ್ನೊಂದು ದಿನವಾಗಿದ್ದರೆ ಊರು ಬಿದ್ದು ಬಿದ್ದು ನಗುತ್ತಿತ್ತು. ಅಂದು ಮಣಿ ಹಾಕಿಕೊಂಡು ಹಗ್ಗ ಹಿಡಿದು ನಿಂತ ಆ ಗಂಡಸನ್ನು ಕಂಡು ಯಾರೂ ನಗಲಿಲ್ಲ.

ಮೊದಲ ಸಲ ಮುಳುಗಿ ಎದ್ದು, "ನೀರು ಕಾಲು ಎಳೀತದೆ" ಎಂದಳು. ಎರಡನೆಯ ಸಲ ಜಾಗ ಕೈಗೆ ಸಿಕ್ಕಿತು. ಮೂರನೆಯ ಸಲ ಗೋಣಿಯನ್ನು ಅಪ್ಪಿಕೊಂಡು ಇಳಿದಳು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಉಸಿರು ಬಿಗಿ ಹಿಡಿದಿದ್ದ ನನಗೇ ತಾಳಲಾಗಲಿಲ್ಲ. ಹಗ್ಗ ಜಗ್ಗಿತು. ಈರ ಒಬ್ಬನೇ, ಯಾರ ಕೈಯನ್ನೂ ಕಾಯದೆ, ಅವಳನ್ನು ಎಳೆದು ದಡಕ್ಕೆ ಹಾಕಿದ. ಅವಳು ಕೆಮ್ಮುತ್ತ ಕೈಬೀಸಿ ತೋರಿಸಿದಳು. ಬುಟ್ಟಿಗಟ್ಟಲೆ ಮಣ್ಣು ಅದೇ ಜಾಗಕ್ಕೆ ಬಿತ್ತು.

ಆಮೇಲೆ ಎಲ್ಲರೂ ಏರಿಯ ಬುಡಕ್ಕೆ ಇಳಿದು ಆ ಕಲ್ಲುರಾಶಿಯನ್ನೇ ನೋಡುತ್ತ ನಿಂತೆವು. ಕೆಂಪು ನೀರು ಚಹದ ಬಣ್ಣಕ್ಕೆ ಬಂತು. ಚಹ ತೆಳುವಾಯಿತು. ಬಂಗಾರಿ ಕರಟದಲ್ಲಿ ನೀರು ಹಿಡಿದು, ತುಸು ಹೊತ್ತು ಅಲುಗಿಸದೆ ಇಟ್ಟು, ತಳ ನೋಡಿದಳು. ಒಂದು ಚಿಟಿಕೆ ಮಣ್ಣೂ ಇರಲಿಲ್ಲ.

"ಆತು" ಎಂದಳು.

ಇಪ್ಪತ್ತೆರಡು ಮನೆಯ ಜನ ಒಟ್ಟಿಗೆ ಕೂಗಿದ ಆ ಕೂಗು ಎರಡೂ ಗುಡ್ಡಕ್ಕೆ ಬಡಿದು ತಿರುಗಿ ಬಂತು. ನಾನು ಅತ್ತೆ. ನನ್ನ ವಿದ್ಯಾರ್ಥಿಗಳ ಎದುರಿಗೇ, ಮಳೆ ಇದೆಯಲ್ಲ ಎಂಬ ಧೈರ್ಯದಲ್ಲಿ, ಮನಸಾರೆ ಅತ್ತೆ. ನಾನು ನೆಟ್ಟ ಹಲಗೆಯನ್ನು ಅಂದೇ ಕಿತ್ತು ಒಲೆಗೆ ಹಾಕಿದೆ. ೧೯೬೮ರಲ್ಲಿ ನನಗೆ ವರ್ಗವಾಗುವ ತನಕ ಏರಿ ಬಂಗಾರಿಯ ಮಾತಿನಂತೆ ನಡೆಯಿತು, ಒಂದು ಮಳೆಗಾಲದಲ್ಲೂ ಅದು ಮಣ್ಣು ಕಾರಲಿಲ್ಲ.

ಆದರೆ ನನ್ನ ಕಣ್ಣಿಗೆ ಕಟ್ಟಿದ ಹಾಗಿರುವುದು ಏರಿ ಉಳಿದ ಮರುದಿನದ ಬೆಳಿಗ್ಗೆ. ಏರಿಯನ್ನು ಕೆರೆಯ ಕಡೆಯಿಂದ ದಪ್ಪ ಮಾಡಬೇಕು, ಮನೆಗೊಬ್ಬರು ಮಣ್ಣು ಹೊತ್ತು ಬರಬೇಕು ಎಂದು ಬಂಗಾರಿ ಹೇಳಿದ್ದಳು. ತೋಟದವರು ಆಳು ಕಳಿಸುತ್ತಾರೆ ಎಂದುಕೊಂಡಿದ್ದೆವು. ಬಂದವರು ತ್ರ್ಯಂಬಕ ಹೆಗಡೆಯವರೇ. ಪಂಚೆ ಎತ್ತಿ ಕಟ್ಟಿ, ತಲೆಯ ಮೇಲೆ ಬುಟ್ಟಿ ಹೊತ್ತು, ಕೆಸರಲ್ಲಿ ಜಾರುತ್ತ ಏರಿ ಹತ್ತಿದರು. ಎಲ್ಲರ ಕೈಯ ಕೆಲಸ ನಿಂತಿತು.

ಬಂಗಾರಿ ಬುಟ್ಟಿಗೆ ಕೈ ಹಾಕಿ ಮಣ್ಣು ಕೆದಕಿದಳು. ಎರಡು ಬೇರಿನ ತುಂಡು ಹೆಕ್ಕಿ ಅವರ ಮುಖದ ಮುಂದೆ ಹಿಡಿದಳು.

"ಬೇರು ಅದೆ, ಒಡೇರೆ. ನಾಳೆ ಇದು ಕೊಳೆತು ದಾರಿ ಆಗ್ತದೆ. ಈ ಮಣ್ಣು ನಮ್ಮ ಏರಿಗೆ ಆಗೂದಿಲ್ಲ."

ಚೇರ್ಮನ್ನರು ಅವಳ ಮುಖ ನೋಡಿದರು, ಬೇರು ನೋಡಿದರು. ಬುಟ್ಟಿಯನ್ನು ಬದಿಗೆ ಸುರಿದು, ಬೇರೆ ಮಣ್ಣು ತರಲು ಗುಡ್ಡದ ಕಡೆ ನಡೆದರು.